ಡಿಂಗಣಾರು

ವೇಣೂರಿನಿಂದ ಪುಂಜಾಲಕಟ್ಟೆಯವರೆಗೆ ಒಂದು ಮಳೆಗಾಲದಲ್ಲಿ ಹುಟ್ಟಿದ ಕಪ್ಪೆಗಳನ್ನೆಲ್ಲ ನಿತ್ಯಾನಂದ ಒಬ್ಬನೇ ಎಣಿಸಿ ಮುಗಿಸಿದ್ದ. ಅದೂ ಮನೆಯ ಜಗಲಿಯಲ್ಲಿ ಕೂತಲ್ಲೇ, ಕಣ್ಣು ಮುಚ್ಚಿ, ಬರಿಯ ಸ್ವರ ಕೇಳಿ. ಹೊಳೆಯ ಆಚೆ ದಡದವು ಬೇರೆ, ಈಚೆ ದಡದವು ಬೇರೆ, ಶೀತವಾಗಿ ಗಂಟಲು ಕಟ್ಟಿದವು ಬೇರೆ. ನೆಂಟರ ಮನೆಗೆಂದು ಹೊಳೆ ದಾಟಿ ಬಂದಿದ್ದ ಎರಡು ಕಪ್ಪೆಗಳನ್ನು ಎರಡು ಸಲ ಎಣಿಸಿಬಿಟ್ಟೆನಲ್ಲ ಎಂಬ ಬೇಸರಕ್ಕೆ ಮೂರು ದಿನ ಅನ್ನ ಮುಟ್ಟಲಿಲ್ಲ. ಒಟ್ಟು ಎಷ್ಟಾಯಿತು ಎಂದು ಯಾರಾದರೂ ಕೇಳಿದರೆ, ಆಕಾಶದ ಕಡೆ ಒಮ್ಮೆ ನೋಡಿ, ಎಂಜಲು ನುಂಗಿ, ಗಂಭೀರವಾಗಿ ಹೇಳುತ್ತಿದ್ದ: "ಡಿಂಗಣಾರು."

ಕೋಟಿಗೆ ಬಂದಾಗ ಸರಕಾರದ ಲೆಕ್ಕ ಏದುಸಿರು ಬಿಡುತ್ತದೆ. ನಿತ್ಯಾನಂದನ ಲೆಕ್ಕ ಅಲ್ಲಿಂದ ಮೈಮುರಿದು ಏಳುತ್ತದೆ. ಮೊದಲು ಜಂಬರಕೋಟಿ. ಅದು ಊರಿನ ಜಂಬರಗಳಿಗೆ, ಅಂದರೆ ಮದುವೆ ಮುಂಜಿಗಳಿಗೆ, ಕರೆಯದೆ ಬಂದು ಎರಡನೇ ಪಂಕ್ತಿಗೆ ಕೂತವರ ಸಂಖ್ಯೆ. ನೂರು ಜಂಬರಕೋಟಿ ಸೇರಿದರೆ ಒಂದು ಬೊಳ್ಳಾಂಬರ. ಬೊಳ್ಳ ಬಂದ ದಿನ, ಅಂದರೆ ನೆರೆ ಏರಿದ ದಿನ, ಸೇತುವೆಯಡಿ ತೇಲಿಹೋಗುವ ತೆಂಗಿನಕಾಯಿಗಳಷ್ಟು. ಬೊಳ್ಳಾಂಬರಗಳನ್ನು ಎಣಿಸುತ್ತ ಎಣಿಸುತ್ತ ಎಣಿಸುವವನ ಹಲ್ಲೆಲ್ಲ ಉದುರಿದ ಮೇಲೆ ಬರುವುದು ಡಿಂಗಣಾರು. ಅದರಾಚೆಯೂ ಒಂದು ಉಂಟಾ ಎಂದು ಶಾಲೆಯ ಮಾಷ್ಟ್ರು ಕೇಳಿದ್ದಕ್ಕೆ, "ಉಂಟು ಮಾಷ್ಟ್ರೇ, ಆದರೆ ಅದನ್ನು ಹೇಳಿದರೆ ನಾಲಗೆ ಬಾಯೊಳಗೆ ವಾಪಸು ಬರುವುದಿಲ್ಲ" ಎಂದಿದ್ದ.

ಈ ಮಾತುಗಳು ಊರಿಗೆ ಊರೇ ಹಬ್ಬಿದ್ದವು. ಮೂಡುಬಿದಿರೆ–ಬೆಳ್ತಂಗಡಿ ಬಸ್ಸಿನ ಕಂಡಕ್ಟರ್ ರಮೀಝ್ ನೂಕುನುಗ್ಗಲಿದ್ದಾಗ, "ಒಳಗೆ ಜಂಬರಕೋಟಿ ಜನ ಉಂಟು, ಮುಂದೆ ಹೋಗಿ ಮುಂದೆ ಹೋಗಿ" ಎಂದು ಕೂಗುತ್ತಿದ್ದ. ನಿತ್ಯಾನಂದನ ಜೊತೆ ದುಡಿಯುವ ಚಿನ್ನಯ್ಯನ ಮಗಳು ಮೋಕ್ಷಿತಾ ಮೂರನೇ ಕ್ಲಾಸಿನ ಪರೀಕ್ಷೆಯಲ್ಲಿ, ಆಕಾಶದಲ್ಲಿ ಎಷ್ಟು ನಕ್ಷತ್ರಗಳಿವೆ ಎಂಬ ಪ್ರಶ್ನೆಗೆ ಡಿಂಗಣಾರು ಎಂದು ಬರೆದು ಅರ್ಧ ಅಂಕ ಪಡೆದಿದ್ದಳು. ಆ ಅರ್ಧ ಅಂಕ ತನ್ನದು ಎಂದು ನಿತ್ಯಾನಂದ ಹತ್ತು ವರ್ಷ ಹೇಳಿಕೊಂಡು ತಿರುಗಿದ.

ಇಷ್ಟು ದೊಡ್ಡ ಲೆಕ್ಕದವನಿಗೆ ಸಿಕ್ಕಿದ ಕೆಲಸ ಮಾತ್ರ ಇಪ್ಪತ್ತರೊಳಗೆ ಮುಗಿಯುವಂಥದ್ದು.

ವೇಣೂರು ದಾಟಿದ ಮೇಲೆ ರಸ್ತೆ ಬದಿಯ ಗುಡ್ಡೆಯಲ್ಲಿ ಒಂದು ಕಪ್ಪುಕಲ್ಲಿನ ಕೋರೆ. ದಿನಾ ಮಧ್ಯಾಹ್ನ ಅಲ್ಲಿ ಬಂಡೆ ಸಿಡಿಸುತ್ತಾರೆ. ಬಂಡೆಗೆ ಕುಳಿ ಕೊರೆಯುವವನು ಚಿನ್ನಯ್ಯ. ಕುಳಿಗೆ ಮದ್ದು ತುಂಬಿ ಬತ್ತಿ ಹಚ್ಚುವವನು ಸುಧಾಕರ. ಅದಕ್ಕೆ ಲೈಸೆನ್ಸ್ ಇದ್ದದ್ದು ಅವನೊಬ್ಬನಿಗೆ. ಕೆಂಪು ಬಾವುಟ ಹಿಡಿದು ರಸ್ತೆ ತಡೆಯುವವನು ನಿತ್ಯಾನಂದ. ಅವನೂ ಇಪ್ಪತ್ತೆರಡು ವರ್ಷ ಚಿನ್ನಯ್ಯನ ಜೊತೆ ಕುಳಿ ಕೊರೆದವನೇ. ಐವತ್ತಾರಕ್ಕೆ ಸೊಂಟ ಹಿಡಿದ ಮೇಲೆ ಬಾವುಟಕ್ಕೆ ಬಂದಿದ್ದ.

ಬಾವುಟ ಬೀಸುವುದು ನೆಪ. ನಿಜವಾದ ಕೆಲಸ ಎಣಿಸುವುದು. ಬತ್ತಿಗಳು ಒಂದರ ಹಿಂದೆ ಒಂದು ಉರಿದು, ಕುಳಿಗಳು ಒಂದೊಂದಾಗಿ ಸಿಡಿಯುತ್ತವೆ. ಹದಿನಾಲ್ಕು ಕುಳಿ ತುಂಬಿದ್ದರೆ ಹದಿನಾಲ್ಕು ಸದ್ದು ಕೇಳಬೇಕು. ಹದಿಮೂರೇ ಕೇಳಿದರೆ ಒಂದು ಕುಳಿ ಒಳಗೇ ಕಾದು ಕುಳಿತಿದೆ ಎಂದರ್ಥ. ಆಮೇಲೆ ಗಂಟೆಗಟ್ಟಲೆ ಯಾರೂ ಬಂಡೆಯ ಹತ್ತಿರ ಸುಳಿಯುವಂತಿಲ್ಲ. ಬಂಡೆಯ ಮರೆಯಲ್ಲಿ ಅಡಗಿದ ಸುಧಾಕರನಿಗೆ ಸದ್ದು ಮತ್ತು ಮಾರ್ದನಿ ಕಲಸಿಹೋಗುತ್ತವೆ. ದೂರದ ರಸ್ತೆಯಲ್ಲಿ ನಿಂತವನಿಗೆ ಬಿಡಿ ಬಿಡಿಯಾಗಿ ಕೇಳುತ್ತದೆ. ಆದ್ದರಿಂದ ಸುಧಾಕರ ಫೋನ್ ಮಾಡಿ, "ನಿತ್ಯಣ್ಣ, ಎಷ್ಟು ಹೋಯ್ತು?" ಎಂದು ಕೇಳುತ್ತಾನೆ. ಇವನು, "ಡಿಂಗಣಾರು... ಅಂದರೆ ನಿಮ್ಮ ಸರಕಾರದ ಲೆಕ್ಕದಲ್ಲಿ ಹದಿನಾಲ್ಕು ಮಾರಾಯ" ಎನ್ನುತ್ತಾನೆ. ಸುಧಾಕರ ನಕ್ಕು ವಿಸಿಲ್ ಊದುತ್ತಾನೆ. ಚಿನ್ನಯ್ಯ ತಲೆಗೆ ಬೈರಾಸು ಸುತ್ತಿ ಯಂತ್ರ ಎತ್ತಿಕೊಂಡು ಒಳಗೆ ಹೋಗುತ್ತಾನೆ. ಎರಡು ವರ್ಷ ಹೀಗೇ ನಡೆಯಿತು.

ಬಾವುಟ ಎತ್ತಿದಲ್ಲಿ ಬಸ್ಸು ನಿಲ್ಲಲೇಬೇಕು. ನಿಂತ ಬಸ್ಸಿನ ಜನ ಓಡಿಹೋಗುವಂತಿಲ್ಲ. ಇಂಥ ಸಭೆ ಯಾವ ಮಂತ್ರಿಗೆ ಸಿಕ್ಕೀತು? ನಿತ್ಯಾನಂದ ಕಿಟಕಿಗಳ ಕೆಳಗೆ ನಿಂತು ದಿನಾ ಒಂದು ಕತೆ ಹೊಡೆಯುತ್ತಿದ್ದ. ಮೂಡುಬಿದಿರೆಗೆ ಕಾಲೇಜಿಗೆ ಹೋಗಿ ಬರುವ ಮಕ್ಕಳು ಅವನನ್ನು ಫೋನಿನಲ್ಲಿ ಹಿಡಿದು ಸ್ಟೇಟಸ್ ಹಾಕುತ್ತಿದ್ದರು. ಗುಡ್ಡೆಯಲ್ಲಿ ಧಡಾರ್ ಧಡಾರ್, ಇಲ್ಲಿ ಹೆಹ್ಹೆಹ್ಹೇ.

ಫೆಬ್ರವರಿಯ ಒಂದು ಬುಧವಾರ ಸುಧಾಕರ ಕೇಳಿದಾಗ ಬಸ್ಸಿನ ನಗು ಇನ್ನೂ ನಿಂತಿರಲಿಲ್ಲ. ನಿತ್ಯಾನಂದ "ಡಿಂಗಣಾರು!" ಎಂದು ಬಾವುಟ ಎತ್ತಿ ಕೂಗಿದ. ಬಸ್ಸು ಇನ್ನಷ್ಟು ನಕ್ಕಿತು. ಅವನೂ ನಕ್ಕ. ಫೋನು ಜೇಬಿಗೆ ಹೋಯಿತು. ಅತ್ತ ವಿಸಿಲ್ ಆಯಿತು. ಬಸ್ಸು ಹೊರಟು ಇನ್ನೂ ತಿರುವು ದಾಟಿರಲಿಲ್ಲ. ಚಿನ್ನಯ್ಯನ ಯಂತ್ರದ ಮೊನೆ ಸಿಡಿಯದೆ ಉಳಿದಿದ್ದ ಕುಳಿಗೆ ತಾಗಿತು.

ಆ ದಿನ ಗುಡ್ಡೆಯ ಮೇಲೆ ನಿತ್ಯಾನಂದ ನೋಡಿದ್ದಕ್ಕೆ ಅವನ ಬಳಿಯೂ ದೊಡ್ಡ ಮಾತು ಇರಲಿಲ್ಲ. ಬೈರಾಸು ಗೇರು ಮರಕ್ಕೆ ಸಿಕ್ಕಿಕೊಂಡಿತ್ತು. ಉಳಿದದ್ದನ್ನು ಒಂದು ಬಟ್ಟೆಯಲ್ಲಿ ಸೇರಿಸಿದರು.

ಪೊಲೀಸರು ಸಂಜೆಯೇ ಬಂದರು. "ನೀವಲ್ಲವಾ ಎಣಿಸುವವರು? ಎಷ್ಟು ಸಿಡಿಯಿತು?" ಎಂದು ಕೇಳಿದರು. ನಿತ್ಯಾನಂದ ಅವರ ಬಾಯನ್ನೇ ನೋಡುತ್ತ, "ಹದಿನಾಲ್ಕು. ಹದಿನಾಲ್ಕು ಅಂತಲೇ ಫೋನಿನಲ್ಲಿ ಹೇಳಿದ್ದು" ಎಂದ. ನಾಲಗೆ ಒಂದಿಷ್ಟೂ ತಡವರಿಸಲಿಲ್ಲ. ಅಷ್ಟು ಸಣ್ಣ ಸಂಖ್ಯೆಯ ಸುಳ್ಳನ್ನು ಅವನು ಹಿಂದೆ ಯಾರೆದುರೂ ಹೇಳಿರಲಿಲ್ಲ. ಬಹುಶಃ ಅದಕ್ಕೇ ಎಲ್ಲರೂ ನಂಬಿದರು.

ಹದಿನಾಲ್ಕು ಸಿಡಿದೂ ಒಂದು ಉಳಿದಿತ್ತು ಎಂದಾದರೆ ಕುಳಿ ಹದಿನೈದಿತ್ತು. ಪುಸ್ತಕದಲ್ಲಿ ಹದಿನಾಲ್ಕು ಬರೆದು ಹದಿನೈದನೆಯದನ್ನು ಕದ್ದು ತುಂಬಿದವನು ಸುಧಾಕರ. ಲೆಕ್ಕಕ್ಕೆ ಸಿಗದ ಮದ್ದನ್ನು ಎಲ್ಲಿಂದಲೋ ತಂದಿದ್ದಾನೆ ಎಂದು ಊರು ಮಾತಾಡಿತು. ಸುಧಾಕರನನ್ನು ಹಿಡಿದುಕೊಂಡು ಹೋದರು. "ಹದಿಮೂರಾ ಹದಿನಾಲ್ಕಾ ಅಂತ ನನಗೆ ಅನುಮಾನ ಇತ್ತು. ದಿನಾ ಮಾಡುವ ಹಾಗೆ ಫೋನ್ ಮಾಡಿ ಕೇಳಿದೆ. ನಿತ್ಯಣ್ಣ ಡಿಂಗಣಾರು ಅಂದರು. ಎಲ್ಲ ಹೋಯ್ತು ಅಂತ ತಿಳಿದೆ" ಎಂದು ಅವನು ಹೇಳಿದ. ಠಾಣೆಯಲ್ಲಿ ಅದನ್ನು ಬರೆದುಕೊಳ್ಳುತ್ತಿದ್ದವನು ಎರಡು ಸಲ ಕೇಳಿ, ಕೊನೆಗೆ ಪೆನ್ನು ಕೆಳಗಿಟ್ಟನಂತೆ. ಸುಧಾಕರನ ವಕೀಲರೇ, "ಇದನ್ನು ಕೋರ್ಟಿನಲ್ಲಿ ಹೇಳಬೇಡಿ ಮಾರಾಯ್ರೇ, ನಿಮಗೆ ತಲೆ ಸರಿ ಇಲ್ಲ ಅಂತ ಆಗ್ತದೆ" ಎಂದರಂತೆ.

ಜಾಮೀನಿನಲ್ಲಿ ಹೊರಬಂದ ಸುಧಾಕರ ಮೊದಲು ಹೋದದ್ದು ಚಿನ್ನಯ್ಯನ ಮನೆಗೆ, ಉತ್ತರಕ್ರಿಯೆಯ ದಿನ. ಮೋಕ್ಷಿತಾ ಅಂಗಳದಲ್ಲೇ ತಡೆದಳು. ಚಿಕ್ಕಂದಿನಲ್ಲಿ ಅವನ ಸೈಕಲ್ಲಿನ ಮುಂದಿನ ಕಂಬಿಯಲ್ಲಿ ಕೂತು ಶಾಲೆಗೆ ಹೋದವಳು ಅವಳು. "ನಮ್ಮ ಅಪ್ಪನನ್ನು ಕೊಂದು ಊಟಕ್ಕೆ ಬಂದದ್ದಾ?" ಎಂದು ಕೇಳಿದಳು. ಅವನು ಅಂಗಳದಿಂದಲೇ ತಿರುಗಿ ನಡೆದ.

ನಿತ್ಯಾನಂದ ಆ ಮನೆಯ ಜಗಲಿಯ ಮೂಲೆಯಲ್ಲಿ ಕೂತು ಅದನ್ನು ನೋಡಿದ.

ಅವನ ಹೆಂಡತಿ ಕಾಂತಿಗೆ ಸಂಗತಿ ಗೊತ್ತಿತ್ತು. ಒಂದೇ ಮನೆಯಲ್ಲಿ ಮೂವತ್ತು ವರ್ಷ ಬಾಳಿದವಳಿಂದ ಎಂಥದ್ದನ್ನು ಅಡಗಿಸಲಾಗುತ್ತದೆ? ಆ ದಿನ ಮನೆಗೆ ಬಂದು ಅವನ ಎದುರಿಗೇ ನಿಂತು, ಮುಖಕ್ಕೆ ಮುಖ ಕೊಟ್ಟು ಹೇಳಿದಳು: "ಸುಧಾಕರ ಜೈಲಿಗೆ ಹೋಗ್ತಾನೆ. ನೀವು ಹೇಳಿಬಿಡಿ."

"ಎಂತ ಹೇಳುವುದು?"

"ಎಂತ ಅಂತ ನಿಮಗೆ ಗೊತ್ತುಂಟು."

"ಹೇಳಿದರೆ ನನ್ನನ್ನು ಒಳಗೆ ಹಾಕ್ತಾರೆ."

"ಹಾಕಲಿ," ಎಂದಳು ಕಾಂತಿ. ಆಮೇಲೆ ಬೆನ್ನು ತಿರುಗಿಸಿ ಇನ್ನೂ ಏನೋ ಹೇಳುತ್ತ ಒಳಗೆ ಹೋದಳು. ಅದೇನೆಂದು ಅವನು ಕೇಳಲಿಲ್ಲ.

ಏಪ್ರಿಲ್ ಕೊನೆಯಲ್ಲಿ ವಿಚಾರಣೆ. ಬಂಟ್ವಾಳದ ಸರಕಾರಿ ಕಚೇರಿಯೊಂದರ ಹಿಂದಿನ ಕೋಣೆ. ಒಂದು ಫ್ಯಾನು, ಒಂದು ಉದ್ದ ಮೇಜು. ಗಣಿ ಸುರಕ್ಷತೆಯ ಅಧಿಕಾರಿ ಮೇಜಿನ ಒಂದು ಬದಿಗೆ, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಎದುರಿಗೆ ನಿತ್ಯಾನಂದ, ಸುಧಾಕರ, ಮೋಕ್ಷಿತಾ. ಸುಧಾಕರ ಅರ್ಧದಷ್ಟಾಗಿದ್ದ, ಅಂಗಿಯ ಕಾಲರಿನೊಳಗೆ ಕುತ್ತಿಗೆ ಅಲ್ಲಾಡುತ್ತಿತ್ತು. ಬೇರೆ ದಿನವಾಗಿದ್ದರೆ ನಿತ್ಯಾನಂದ ಆ ಫ್ಯಾನಿನ ಮೇಲೆ ಒಂದು ಕತೆ ಕಟ್ಟುತ್ತಿದ್ದ. ಈ ದಿನ ಅವನು ಎಲ್ಲರ ಬಾಯಿ ಕಾಣುವ ಹಾಗೆ ಕುರ್ಚಿಯನ್ನು ಸ್ವಲ್ಪ ಓರೆ ಮಾಡಿಕೊಂಡು ಕೂತ.

"ಹದಿನಾಲ್ಕು ಎಣಿಸಿದ್ದೀರಿ. ಹದಿನಾಲ್ಕು ಎಂದು ಹೇಳಿದ್ದೀರಿ. ಸರಿಯಾ?" ಅಧಿಕಾರಿ ಕೇಳಿದರು.

"ಸರಿ ಸರ್."

"ಸರ್, ನನ್ನ ಹತ್ತಿರ ಒಂದು ವೀಡಿಯೊ ಉಂಟು," ಎಂದಳು ಮೋಕ್ಷಿತಾ.

ಅವಳ ಕ್ಲಾಸಿನ ಶಹನಾಝ್ ಆ ಬುಧವಾರದ ಬಸ್ಸಿನಲ್ಲಿದ್ದಳು. ಕಿಟಕಿಯಿಂದ ಕಪ್ಪೆಯ ಕತೆಯನ್ನು ಹಿಡಿದಿದ್ದಳು. ಸಾವಿನ ಸುದ್ದಿ ಕೇಳಿದ ಮೇಲೆ ಅದನ್ನು ತೆರೆಯಲು ಧೈರ್ಯವಾಗದೆ ಇಟ್ಟುಕೊಂಡಿದ್ದವಳು ಮೊನ್ನೆ ಅಳುತ್ತ ಕಳಿಸಿದ್ದಳು. ಮೋಕ್ಷಿತಾ ಫೋನನ್ನು ಮೇಜಿನ ಮೇಲೆ ನೀರಿನ ಲೋಟಕ್ಕೆ ಒರಗಿಸಿ ಇಟ್ಟಳು. ಪರದೆಯಲ್ಲಿ ನಿತ್ಯಾನಂದ ಕೈ ಬೀಸುತ್ತಿದ್ದ. ಅವನ ಮಾತಿನ ಹಿಂದೆ, ಗುಡ್ಡೆಯ ಕಡೆಯಿಂದ, ಸದ್ದುಗಳು.

"ಎಣಿಸುವ," ಎಂದರು ಅಧಿಕಾರಿ.

ಎಲ್ಲರೂ ಬೆರಳು ಮಡಚಿದರು. ಅಧಿಕಾರಿ, ಗುಮಾಸ್ತ, ಸುಧಾಕರ, ಮೋಕ್ಷಿತಾ. ನಿತ್ಯಾನಂದನೂ ಮಡಚಿದ. ಕೊನೆಗೆ ಪರದೆಯ ನಿತ್ಯಾನಂದ ಫೋನನ್ನು ಕಿವಿಗೆ ಹಿಡಿದು "ಡಿಂಗಣಾರು!" ಎಂದು ಕೂಗಿದ. ಹುಡುಗಿಯರ ನಗು. ವೀಡಿಯೊ ಮುಗಿಯಿತು.

"ನನಗೆ ಹದಿಮೂರು," ಎಂದರು ಅಧಿಕಾರಿ.

"ಹದಿಮೂರು," ಎಂದ ಗುಮಾಸ್ತ. ಸುಧಾಕರ ಎರಡೂ ಕೈಗಳನ್ನು ಮುಖಕ್ಕೆ ಒತ್ತಿಕೊಂಡ. ಎರಡು ತಿಂಗಳಿನಿಂದ ಅವನು ಹೇಳುತ್ತಿದ್ದ ಹದಿನಾಲ್ಕು ಕುಳಿಗಳನ್ನು ಯಾರೋ ಈಗ ನಂಬಿದ್ದರು.

"ನಿತ್ಯಾನಂದರೇ?"

ನಿತ್ಯಾನಂದ ತನ್ನ ಬೆರಳುಗಳನ್ನು ನೋಡಿಕೊಂಡ. "ಹದಿಮೂರು ಸರ್," ಎಂದ. ಅಂಗಿ ಬೆನ್ನಿಗೆ ಅಂಟಿತ್ತು. ಆದರೆ ಸಿಕ್ಕಿಬಿದ್ದ ಕತೆಗೆ ಬಾಗಿಲು ಕೊರೆಯುವುದರಲ್ಲಿ ಅವನಿಗೆ ಅಭ್ಯಾಸವಿತ್ತು. "ತಪ್ಪಾಯ್ತು ಸರ್. ಆ ದಿನವೂ ನಾನು ಹದಿಮೂರೇ ಎಣಿಸಿದ್ದು. ಬಸ್ಸಿನವರು ನಗುತ್ತಿದ್ದರು, ನನ್ನ ಬಾಯಿಗೆ ತಮಾಷೆ ಬಂತು. ಸರಿಯಾದ ಲೆಕ್ಕ ಹೇಳ್ಲಿಕ್ಕೆ ಬಿಟ್ಟುಹೋಯ್ತು. ಪೊಲೀಸರು ಕೇಳಿದಾಗ ಹೆದರಿ ಹದಿನಾಲ್ಕು ಅಂದೆ."

ಅಧಿಕಾರಿ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು. ಅವರ ಮುಖದಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು. "ತಮಾಷೆ ಮಾಡುವ ಜಾಗವಾ ಅದು? ಮತ್ತೆ ನೀವು ಸುಧಾಕರ, ಅಂಥ ಮಾತು ಕೇಳಿ ಹೇಗೆ ವಿಸಿಲ್ ಊದಿದಿರಿ? ಸಂಖ್ಯೆ ಕೇಳಬೇಕಿತ್ತಲ್ಲ." ಗುಮಾಸ್ತನ ಕಡೆ ತಿರುಗಿ, "ಬರೆಯಿರಿ. ಎಣಿಕೆ ಸರಿ ಇತ್ತು. ತಮಾಷೆಯ ಮಾತಿನಿಂದ ತಪ್ಪು ತಿಳುವಳಿಕೆ. ಇಬ್ಬರದ್ದೂ ಅಜಾಗರೂಕತೆ" ಎಂದರು.

ಸುಧಾಕರ ತಲೆ ತಗ್ಗಿಸಿದ. ನಿತ್ಯಾನಂದನೂ ತಗ್ಗಿಸಿದ. ಒಂದು ನಾಲಗೆಯ ತಪ್ಪು. ಅದನ್ನು ಊರು ಕ್ಷಮಿಸೀತು. ಆ ಮಾತಿಗೆ ಊರೇ ನಕ್ಕಿತ್ತಲ್ಲ. ಅರ್ಧ ತಪ್ಪು ಸುಧಾಕರನ ತಲೆಗೆ ಹೋಯಿತು. ಉಳಿದ ಅರ್ಧವನ್ನು ಹೊತ್ತುಕೊಂಡು ಬದುಕಬಹುದು ಎಂದು ಅವನು ಮನಸ್ಸಿನಲ್ಲೇ ತೂಗಿ ನೋಡಿದ.

"ಸರ್, ಇನ್ನೊಂದು ಸಲ ಹಾಕುವ," ಎಂದಳು ಮೋಕ್ಷಿತಾ.

"ಯಾಕಮ್ಮ? ಎಣಿಸಿ ಆಯ್ತಲ್ಲ."

"ಒಂದೇ ಸಲ ಸರ್." ಅವಳು ಫೋನನ್ನು ಎತ್ತಿ, ಅದರ ಬದಿಯನ್ನು ಹೆಬ್ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ, ಮತ್ತೆ ಲೋಟಕ್ಕೆ ಒರಗಿಸಿದಳು. "ನಿತ್ಯಮಾಮ, ನೀವೂ ಎಣಿಸಿ."

ಪರದೆಯಲ್ಲಿ ಅವನು ಮತ್ತೆ ಕೈ ಬೀಸತೊಡಗಿದ. ಮೋಕ್ಷಿತಾ ಮೇಜಿನ ಮೇಲೆ ಕೈ ಇಟ್ಟು ಕಿರುಬೆರಳು ಮಡಚಿದಳು. ನಿತ್ಯಾನಂದ ಕಿರುಬೆರಳು ಮಡಚಿದ. ಅವಳು ಉಂಗುರ ಬೆರಳು. ಅವನೂ. ಸ್ವಲ್ಪ ತಡೆದು ನಡುಬೆರಳು. ಅವನೂ ತಡೆದು ನಡುಬೆರಳು. ಈ ಸಲ ಅವನು ಹುಬ್ಬು ಗಂಟಿಕ್ಕಿ, ತಲೆಯನ್ನು ಒಂದು ಬದಿಗೆ ವಾಲಿಸಿ, ಬಹಳ ಸೂಕ್ಷ್ಮವಾದದ್ದನ್ನು ಕಿವಿಗೊಟ್ಟು ಕೇಳುವವನ ಹಾಗೆ ಎಣಿಸಿದ. ನಾಲ್ಕು. ಐದು. ಆರಕ್ಕೆ ಅವಳು ಇನ್ನೊಂದು ಕೈ ಮೇಲಿಟ್ಟಳು, ಅವನೂ ಇಟ್ಟ.

ಏಳನೆಯದಕ್ಕೆ ಅವನು ಕಣ್ಣೆತ್ತಿದ. ಬೇರೆ ಯಾರೂ ಬೆರಳು ಮಡಚುತ್ತಿರಲಿಲ್ಲ. ಅಧಿಕಾರಿ ಪರದೆಯನ್ನು ಬಿಟ್ಟು ಅವನನ್ನೇ ನೋಡುತ್ತಿದ್ದರು. ಗುಮಾಸ್ತನ ಬಾಯಿ ಅರ್ಧ ತೆರೆದಿತ್ತು. ಸುಧಾಕರ ಕುರ್ಚಿಯಿಂದ ಏಳಲು ಹೊರಟವನು ಹಾಗೇ ನಿಂತಿದ್ದ.

ಮೋಕ್ಷಿತಾ ಫೋನನ್ನು ಅವನ ಕಡೆ ತಿರುಗಿಸಿ, ಬಾಯಿ ಬಿಡಿಸಿ, ಒಂದೊಂದೇ ಮಾತು ಹೇಳಿದಳು. "ಇದರಲ್ಲಿ ಸದ್ದೇ ಇಲ್ಲ ಮಾಮ. ನಾನು ಪೂರ್ತಿ ಬಂದ್ ಮಾಡಿದ್ದೇನೆ. ಆಗಲೂ ನೀವು ನಮ್ಮ ಬೆರಳು ನೋಡಿಯೇ ಮಡಚಿದ್ದು. ಎಂತ ಎಣಿಸಿದ್ದು ನೀವು?"

ನಿತ್ಯಾನಂದ ಬೆರಳುಗಳನ್ನು ಬಿಡಿಸಲಿಲ್ಲ. ಬಿಡಿಸಿದರೆ ಏನಾದರೂ ಕೆಳಗೆ ಬಿದ್ದೀತು ಎಂಬಂತೆ ಹಾಗೇ ಹಿಡಿದುಕೊಂಡ. ಬಾಯಿ ತನ್ನಷ್ಟಕ್ಕೇ ಒಂದು ಕತೆ ಹುಡುಕಿತು. ಕಣ್ಣು ಮಂಜು, ನಿದ್ದೆ ಇಲ್ಲ, ಬಿಸಿಲು. ಯಾವುದೂ ನಾಲಗೆಯವರೆಗೆ ಬರಲಿಲ್ಲ.

"ನಿಮಗೆ ಕೇಳುವುದಿಲ್ಲವಾ?" ಎಂದರು ಅಧಿಕಾರಿ.

"ಹತ್ತಿರ ಬಂದು ಮಾತಾಡಿದರೆ ಕೇಳ್ತದೆ ಸರ್. ಬಾಯಿ ಕಂಡರೆ ಗೊತ್ತಾಗ್ತದೆ." ಅವನ ಸ್ವರ ಸಣ್ಣದಾಗಿತ್ತು. ಅಷ್ಟು ಸಣ್ಣ ಸ್ವರ ಅವನಲ್ಲಿದೆಯೆಂದು ಸುಧಾಕರನಿಗೂ ಗೊತ್ತಿರಲಿಲ್ಲ. "ಗುಡ್ಡೆಯದ್ದು ಮೊದಲನೆಯದು ಗೊತ್ತಾಗ್ತದೆ. ಆಮೇಲೆ ತಲೆಯ ಒಳಗೆ ಜೇನು ಎದ್ದ ಹಾಗೆ ಶುರುವಾಗ್ತದೆ. ಎರಡಾ, ಹತ್ತಾ, ಗೊತ್ತಾಗುವುದಿಲ್ಲ."

"ಎಷ್ಟು ಸಮಯದಿಂದ?"

"ಬಾವುಟಕ್ಕೆ ಬರುವಾಗಲೇ ಹಾಗೇ ಇತ್ತು ಸರ್. ಯಂತ್ರದಲ್ಲಿ ಕೊರೆದು ಕೊರೆದು ಆದದ್ದು. ಹೇಳಿದ್ದರೆ ಆ ಕೆಲಸವೂ ಇಲ್ಲ."

"ಮತ್ತೆ ದಿನಾ ಸರಿಯಾದ ಲೆಕ್ಕ ಹೇಗೆ ಹೇಳಿದಿರಿ?"

ನಿತ್ಯಾನಂದ ಸುಧಾಕರನನ್ನು ನೋಡಿದ. "ಕುಳಿ ತುಂಬುವ ಮೊದಲು ಚಾ ಕುಡಿಯುವಾಗ ಇವ ಹೇಳ್ತಿದ್ದ, ಇವತ್ತು ಹನ್ನೆರಡು ನಿತ್ಯಣ್ಣ, ಇವತ್ತು ಹದಿನಾಲ್ಕು ನಿತ್ಯಣ್ಣ ಅಂತ. ಅದನ್ನೇ ಅವನಿಗೆ ವಾಪಸು ಹೇಳ್ತಿದ್ದೆ. ಫೋನಿನಲ್ಲಿ ಅವ ಎಂತ ಕೇಳ್ತಾನೆ ಅಂತಲೂ ಸರಿ ಕೇಳುವುದಿಲ್ಲ. ಆ ಹೊತ್ತಿಗೆ ಅವ ಕೇಳುವುದು ಅದೊಂದೇ."

ಸುಧಾಕರ ಮತ್ತೆ ಕುರ್ಚಿಯಲ್ಲಿ ಕುಸಿದ. "ನಾನು ನಿಮ್ಮನ್ನು ನಂಬಿದ್ದು ನಿತ್ಯಣ್ಣ," ಎಂದ. "ನನಗೆ ಅನುಮಾನ ಬಂದ ದಿನವೆಲ್ಲ ನಿಮ್ಮನ್ನು ನಂಬಿದ್ದು."

"ಹೌದು ಮಾರಾಯ."

"ಆ ದಿನ ಹತ್ತೇ ಸಿಡಿದಿದ್ದರೆ?" ಎಂದರು ಅಧಿಕಾರಿ.

"ಹದಿನಾಲ್ಕೇ ಹೇಳ್ತಿದ್ದೆ ಸರ್."

"ಐದು ಸಿಡಿದಿದ್ದರೆ?"

"ಹದಿನಾಲ್ಕೇ." ಅವನೇ ಮುಂದುವರಿಸಿದ. "ತಮಾಷೆಯಿಂದ ಆದದ್ದಲ್ಲ ಸರ್. ಅದನ್ನು ಹೊಡೆದುಹಾಕಿ. ತಮಾಷೆ ಮಾಡದೆ ನೆಟ್ಟಗೆ ಉತ್ತರ ಕೊಟ್ಟಿದ್ದರೂ ಚಿನ್ನಯ್ಯ ಒಳಗೆ ಹೋಗ್ತಿದ್ದ. ಇವನ ತಪ್ಪು ಎಂತದ್ದೂ ಇಲ್ಲ."

ಗುಮಾಸ್ತ ಅಧಿಕಾರಿಯ ಮುಖ ನೋಡಿ, ಬರೆದಿದ್ದ ಸಾಲುಗಳ ಮೇಲೆ ಗೆರೆ ಎಳೆದ.

ಮೋಕ್ಷಿತಾಳ ಕಣ್ಣಲ್ಲಿ ನೀರಿರಲಿಲ್ಲ. ಅವಳು ಮೇಜಿನ ಮೇಲೆ ಮುಂದೆ ಬಾಗಿ, ತನ್ನ ಬಾಯಿ ಅವನಿಗೆ ಸರಿಯಾಗಿ ಕಾಣುವ ಹಾಗೆ ಮುಖ ತಂದಳು.

"ಅಪ್ಪ ದಿನಾ ಹೇಳ್ತಿದ್ದರು. ನಿತ್ಯ ಎಣಿಸ್ತಾನೆ, ನನಗೆ ಹೆದರಿಕೆ ಇಲ್ಲ ಅಂತ. ಎರಡು ವರ್ಷ ಅಲ್ಲಿ ಎಣಿಸಿದ್ದು ಯಾರು ಮಾಮ?"

"ಯಾರೂ ಎಣಿಸಲಿಲ್ಲ ಮಗಾ," ಎಂದ ನಿತ್ಯಾನಂದ.